ಗಡಿ ದಾಟಿದ ಮಕ್ಕಳು: ಅತ್ತ ಏಳು ವರ್ಷ, ಇತ್ತ ನಾಲ್ಕು ವರ್ಷ

ಮಡಕಶಿರಾ/ ರಾಯದುರ್ಗ: ಊರು ಆಂಧ್ರ, ಮನೆಮಾತು ಕನ್ನಡ, ಸೋದರಮಾವನ ಮನೆ ಕರ್ನಾಟಕ. ಹಾಗಾದರೆ ಮಗುವಿನ ಶಾಲೆ ಯಾವ ಕಡೆ?

ಬೇಸಿಗೆ ರಜೆ ಮುಗಿಯುತ್ತಾ ಬಂದಂತೆ ರೊಳ್ಳ, ಅಗಳಿ, ಅಮರಾಪುರದ ಜಗಲಿಗಳಲ್ಲಿ, ಆ ಕಡೆ ಡಿ. ಹಿರೇಹಾಳು, ಕಣೇಕಲ್ಲು, ಗುಮ್ಮಗಟ್ಟದ ಮನೆಗಳಲ್ಲಿ ಪ್ರತಿ ವರ್ಷ ಏಳುವ ಪ್ರಶ್ನೆ ಇದು. ಐದನೇ ತರಗತಿ ಪಾಸಾದ ಹುಡುಗನನ್ನು ಇಲ್ಲೇ ಹೈಸ್ಕೂಲಿಗೆ ಹಾಕೋದಾ, ಪಾವಗಡಕ್ಕೋ ಶಿರಾಕ್ಕೋ ಮೊಳಕಾಲ್ಮುರಿಗೋ ಕಳಿಸೋದಾ? ‘ಇನ್ನೂ ಚಿಕ್ಕೋನು, ಎಂಟನೇ ಕ್ಲಾಸಿಗೆ ನೋಡೋಣ ಬಿಡು’ ಎಂದು ಅಜ್ಜಿ ಹೇಳಿದರೆ ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಆ ಒಂದು ಮಾತು ಏಳು ವರ್ಷದ ನಂತರ ಸಿಇಟಿ ಅರ್ಜಿ ತುಂಬುವಾಗ ಎದುರು ಬಂದು ನಿಲ್ಲುತ್ತದೆ ಎಂಬುದು ಬಹಳಷ್ಟು ಮನೆಗಳಲ್ಲಿ ಗೊತ್ತಿಲ್ಲ.

ಪೇಟೆ ಮಂದಿಗೆ ಹೊರದೇಶದ ಓದು ಎಂದರೆ ವಿಮಾನ, ವೀಸಾ, ಬ್ಯಾಂಕ್ ಸಾಲ. ಅಮೆರಿಕದ ಯಾವುದೋ ಸಣ್ಣ ಊರಿನ ಹೈಸ್ಕೂಲಿಗೆ ಒಂದು ವರ್ಷಕ್ಕೆಂದು ಹೋಗುವ ಹುಡುಗನಿಗೂ ಹೊರಡುವ ಮೊದಲೇ ಕಾಗದದಲ್ಲಿ ಬರೆದು ಕೊಡುತ್ತಾರೆ: ಅಲ್ಲಿ ನಿನಗೆ ಇದುಂಟು, ಇದಿಲ್ಲ, ವಾಪಸ್ ಬಂದ ಮೇಲೆ ಈ ಓದಿಗೆ ಇಷ್ಟು ಬೆಲೆ ಎಂದು. ನಮ್ಮ ಹುಡುಗ ಹೋಗುವುದು ಬುತ್ತಿ ಡಬ್ಬಿ ಹಿಡಿದು ಬಸ್ಸಿನಲ್ಲಿ. ದಾರಿಯಲ್ಲಿ ಯಾರೂ ತಡೆಯುವುದಿಲ್ಲ, ಏನೂ ಕೇಳುವುದಿಲ್ಲ. ಹಾಗಾಗಿ ಇದು ‘ಹೊರರಾಜ್ಯ’ ಅಂತ ಅನ್ನಿಸುವುದೇ ಇಲ್ಲ. ಅನ್ನಿಸುವುದು ಕಾಗದ ಕೇಳಿದಾಗ.

ನಕ್ಷೆಯ ಆಟ

ಈ ಗಡಿ ಎಷ್ಟು ವಿಚಿತ್ರ ಎಂಬುದು ನಕ್ಷೆ ನೋಡಿದವರಿಗೇ ಗೊತ್ತು. ಮಡಕಶಿರಾ ಕರ್ನಾಟಕದೊಳಕ್ಕೆ ಚಾಚಿದ ನಾಲಗೆ. ಪಕ್ಕದ ಪಾವಗಡ ಆಂಧ್ರದ ಬಾಯಿಗೆ ಸಿಕ್ಕ ತುತ್ತು. ಪಾವಗಡದವರು ತಮ್ಮದೇ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಹೋಗಬೇಕಾದರೆ ಮಡಕಶಿರಾ ಮೇಲೆ, ಅಂದರೆ ಇನ್ನೊಂದು ರಾಜ್ಯದ ಮೇಲೆ ಹಾದು ಮಧುಗಿರಿ ಸೇರುವುದು ರೂಢಿ. ಅಮರಾಪುರ ಮಂಡಲದ ಹೇಮಾವತಿ ಹಿಂದೊಮ್ಮೆ ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿನ ಕಲ್ಲುಗಳ ಮೇಲಿರುವುದು ಕನ್ನಡ. ಕಲ್ಲಿನ ಮೇಲೆ ಇದ್ದದ್ದಕ್ಕೆ ಮಾರ್ಕ್ಸ್ ಕಾರ್ಡಿನಲ್ಲಿ ಲೆಕ್ಕವಿಲ್ಲ, ಆ ಮಾತು ಬೇರೆ.

ರಾಯದುರ್ಗದ ಕತೆ ಇನ್ನೊಂದು ಬಗೆ. ಅದು ಮೊದಲು ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಬಹುಪಾಲು ಮೈಸೂರು ರಾಜ್ಯಕ್ಕೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲೇ ಇತ್ತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳನ್ನು ಹೊಸದಾಗಿ ವಿಂಗಡಿಸಿದಾಗ ಅದು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಹೀಗಾಗಿ ಈಗ ಎರಡೂ ಊರಿನ ಕನ್ನಡಿಗರು ಒಂದೇ ಅಹವಾಲನ್ನು ಎರಡು ಕಲೆಕ್ಟರ್ ಕಚೇರಿಗೆ ಒಯ್ಯಬೇಕು.

ಐದಕ್ಕೆ ನಿಂತ ಭರವಸೆ

ಮಕ್ಕಳು ಗಡಿ ದಾಟುವುದು ಯಾಕೆ? ಕನ್ನಡದ ಮೇಲಿನ ಅಭಿಮಾನ ಎಂದು ಸಭೆಗಳಲ್ಲಿ ಹೇಳುವುದುಂಟು. ಅದೂ ಇದೆ. ಆದರೆ ಮನೆಯಲ್ಲಿ ಕೂತು ಕೇಳಿದರೆ ಬರುವ ಕಾರಣಗಳು ಸರಳ: ಅಕ್ಕನ ಮನೆ ಅಲ್ಲೇ ಇದೆ, ಪಿಯು ಕಾಲೇಜು ಹತ್ತಿರ ಇದೆ, ನಾಳೆ ಕೆಲಸಕ್ಕೆ ಹೋಗೋದು ಹೆಂಗೂ ಬೆಂಗಳೂರಿಗೇ ತಾನೆ. ‘ವಿಜಯವಾಡಕ್ಕೆ ಯಾರು ಹೋಗ್ತಾರಣ್ಣ ಇಲ್ಲಿಂದ’ ಎಂಬ ಮಾತು ಮಡಕಶಿರಾ ಬಸ್ ನಿಲ್ದಾಣದಲ್ಲಿ ಯಾರಿಗೂ ಹೊಸದಲ್ಲ.

ಇದರ ಜೊತೆಗೆ ಇನ್ನೊಂದು ಕಾರಣ ಕಾನೂನಿನಲ್ಲೇ ಅಡಗಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪಾಠ ಹೇಳಲು ರಾಜ್ಯಗಳು ವ್ಯವಸ್ಥೆ ಮಾಡಬೇಕು ಎನ್ನುವುದು ಸಂವಿಧಾನದ 350ಎ ವಿಧಿ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲೇ ಏಳನೇ ತಿದ್ದುಪಡಿ ಮೂಲಕ ಇದು ಸೇರಿತು. ಆದರೆ ವಿಧಿ ಹೇಳುವುದು ‘ಪ್ರಾಥಮಿಕ ಹಂತ’ ಎಂದು ಮಾತ್ರ. ಆಂಧ್ರದಲ್ಲಿ ಹೈಸ್ಕೂಲು ಶುರುವಾಗುವುದು ಆರನೇ ತರಗತಿಯಿಂದ. ಕರ್ನಾಟಕದಲ್ಲಾದರೆ ಎಂಟರಿಂದ. ಅಂದರೆ ಊರ ಶಾಲೆಯ ಕನ್ನಡ ಐದಕ್ಕೆ ಮುಗಿದು, ಮುಂದೇನು ಎಂಬ ಪ್ರಶ್ನೆ ನಮ್ಮ ಮಕ್ಕಳಿಗೆ ಹತ್ತನೇ ವಯಸ್ಸಿಗೇ ಬರುತ್ತದೆ. ಆಂಧ್ರದ ಹತ್ತನೇ ತರಗತಿ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯಲು ಅವಕಾಶವಿದೆ, ಕನ್ನಡ ಮಾಧ್ಯಮದ ಹೈಸ್ಕೂಲುಗಳೂ ಇವೆ. ಎಲ್ಲ ಊರಿನ ಹತ್ತಿರ ಇಲ್ಲ, ಅಷ್ಟೇ.

ಸರ್ಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶವನ್ನು ಆಂಧ್ರ ಸರ್ಕಾರ 2019ರ ನವೆಂಬರ್‌ನಲ್ಲಿ ಹೊರಡಿಸಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆಗ ತೆಲುಗಿನ ಬಗ್ಗೆ ರಾಜ್ಯದ ತುಂಬಾ ಚರ್ಚೆಯಾಯಿತು. ಗಡಿಯ ಕನ್ನಡ ಶಾಲೆಗಳ ಹೆಸರು ಆ ಗದ್ದಲದಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿತೋ!

ಎಂಟಕ್ಕೆ ಹೋದರೆ ಎರಡು ವರ್ಷ ಕಮ್ಮಿ

ಈಗ ಲೆಕ್ಕಕ್ಕೆ ಬರೋಣ. ಪಾಲಕರು ಪೆನ್ನು ಹಿಡಿದು ಕೂತರೆ ಒಳ್ಳೆಯದು.

ಕರ್ನಾಟಕದಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಮೊದಲಾದ ವೃತ್ತಿ ಶಿಕ್ಷಣದ ಸರ್ಕಾರಿ ಕೋಟಾ ಸೀಟು ಕೇಳುವವರಿಗೆ ಮೊದಲ ಷರತ್ತು ಓದಿನ ವರ್ಷಗಳದು. ಒಂದರಿಂದ ದ್ವಿತೀಯ ಪಿಯುಸಿವರೆಗಿನ ಹನ್ನೆರಡು ವರ್ಷದಲ್ಲಿ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರಬೇಕು. ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಯಾವುದಾದರೂ ಒಂದನ್ನು ಅಲ್ಲೇ ಪಾಸು ಮಾಡಿರಬೇಕು.

ಎಂಟನೇ ತರಗತಿಗೆ ಗಡಿ ದಾಟಿದ ಮಗು ಎಂಟು, ಒಂಬತ್ತು, ಹತ್ತು, ಪಿಯುಸಿ ಎರಡು ವರ್ಷ ಸೇರಿಸಿದರೆ ಓದುವುದು ಐದು ವರ್ಷ. ಎರಡು ಕಮ್ಮಿ. ಏಳನೇ ತರಗತಿಗೆ ಹೋದರೂ ಆರು. ಆರಕ್ಕೇ ಹೋದರೆ ಸರಿಯಾಗಿ ಏಳು. ಒಂದು ದಿನವೂ ಹೆಚ್ಚಿಲ್ಲ. ಕರ್ನಾಟಕದಲ್ಲಿ ಹೈಸ್ಕೂಲು ಎಂಟರಿಂದ ಶುರುವಾಗುತ್ತೆ, ಆಗ ಸೇರಿಸಿದರಾಯ್ತು ಎಂದು ಕಾದು ಕೂತವರು ಇಲ್ಲೇ ತಪ್ಪುತ್ತಿರುವುದು.

ಹಾಗಾದರೆ ಪಿಯುಸಿ ಮುಗಿಸಿ ವಾಪಸ್ ಆಂಧ್ರಕ್ಕೆ ಬಂದು ಇಲ್ಲಿನ ಸೀಟು ಕೇಳಬಹುದಲ್ಲ? ಇಲ್ಲಿ ಇನ್ನೊಂದು ಬೇಲಿ. ಸಂವಿಧಾನದ 371ಡಿ ವಿಧಿಯ ಅಡಿಯಲ್ಲಿ 1974ರಲ್ಲಿ ಹೊರಬಿದ್ದ ರಾಷ್ಟ್ರಪತಿ ಆದೇಶದಂತೆ ‘ಸ್ಥಳೀಯ ಅಭ್ಯರ್ಥಿ’ ಎನಿಸಿಕೊಳ್ಳಲು ಅರ್ಹತಾ ಪರೀಕ್ಷೆ ಬರೆಯುವ ವರ್ಷಕ್ಕೆ ಕೊನೆಯಾಗುವಂತೆ ಸತತ 4 ವರ್ಷ ಆ ಪ್ರದೇಶದಲ್ಲೇ ಓದಿರಬೇಕು. ನಮಗೆ ಅನ್ವಯಿಸುವುದು ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ಪ್ರದೇಶ. ರಾಯಲಸೀಮೆ ಜೊತೆಗೆ ನೆಲ್ಲೂರು. ಸೀಟುಗಳಲ್ಲಿ ಶೇ 85 ಸ್ಥಳೀಯರಿಗೆ. ಇಂಟರ್ ಮುಗಿಸುವ ಹುಡುಗನಿಗೆ ಆ ನಾಲ್ಕು ವರ್ಷ ಎಂದರೆ ಒಂಬತ್ತು, ಹತ್ತು, ಇಂಟರ್ ಎರಡು ವರ್ಷ. ಹತ್ತನೇ ತರಗತಿ ಮೊಳಕಾಲ್ಮುರಿನಲ್ಲಿ ಓದಿ, ಇಂಟರ್‌ಗೆ ರಾಯದುರ್ಗಕ್ಕೆ ಬಂದವನಿಗೆ ಸಿಗುವುದು ಎರಡೇ ವರ್ಷ. ತಾತ ಮುತ್ತಾತಂದಿರ ಹೊಲ ಇಲ್ಲೇ ಇದ್ದರೂ ಆ ಲೆಕ್ಕದಲ್ಲಿ ಅವನು ಸ್ಥಳೀಯನಲ್ಲ!

ಬಾಗಿಲು ಪೂರ್ತಿ ಮುಚ್ಚಿದೆ ಎಂದು ಯಾರೂ ಹೆದರಬೇಕಿಲ್ಲ. ಉಳಿದ ಶೇ 15ರ ಸೀಟುಗಳಿಗೆ, ತಂದೆ ಅಥವಾ ತಾಯಿ ರಾಜ್ಯದಲ್ಲಿ ಒಟ್ಟು 10 ವರ್ಷ ವಾಸವಿದ್ದರೆ ಅಂಥ ಮಕ್ಕಳೂ ಅರ್ಜಿ ಹಾಕಬಹುದು. ಆದರೆ ಅಲ್ಲಿ ಸ್ಪರ್ಧೆ ಜಾಸ್ತಿ. ನೀಟ್ ಮೂಲಕ ತುಂಬುವ ಅಖಿಲ ಭಾರತ ಕೋಟಾಕ್ಕೆ ಈ ವರ್ಷಗಳ ಲೆಕ್ಕವೇ ಇಲ್ಲ. ಬಿ.ಎ., ಬಿ.ಕಾಂ. ಸೇರುವವರಿಗೂ ತೊಡಕು ಕಡಿಮೆ. ಪೆಟ್ಟು ಬೀಳುವುದು ಚೆನ್ನಾಗಿ ಓದುವ, ದುಡ್ಡಿಲ್ಲದ, ಸರ್ಕಾರಿ ಸೀಟನ್ನೇ ನಂಬಿದ ಮಗುವಿಗೆ.

ಎರಡೂ ಕಡೆಯ ಹಕ್ಕನ್ನು ಒಟ್ಟಿಗೆ ಉಳಿಸಿಕೊಳ್ಳಲು ದಾರಿ ಇದೆಯೇ ಎಂದು ಬಹಳ ಜನ ಕೇಳುತ್ತಾರೆ. ವರ್ಷಗಳ ಲೆಕ್ಕದಲ್ಲಿ ಇಲ್ಲ. ಆಂಧ್ರದ ನಾಲ್ಕು ವರ್ಷದೊಳಗೆ ಹತ್ತನೇ ತರಗತಿಯೂ ಬರುತ್ತದೆ, ಇಂಟರ್ ಕೂಡ ಬರುತ್ತದೆ. ಕರ್ನಾಟಕ ಕೇಳುವುದು ಆ ಎರಡರಲ್ಲಿ ಒಂದು ತನ್ನ ನೆಲದಲ್ಲಿ ಆಗಿರಬೇಕೆಂದು. ಎರಡು ದೋಣಿಯ ಮೇಲೆ ಕಾಲಿಡುವ ಆಸೆ ಬಿಟ್ಟು, ಯಾವ ದೋಣಿ ಎಂದು ಐದನೇ ತರಗತಿ ಮುಗಿದಾಗಲೇ ಮಾತಾಡಿಕೊಳ್ಳುವುದು ವಾಸಿ.

ಅಮ್ಮನ ಶಾಲೆಯ ಕಾಗದ

ಗಡಿಯ ಮನೆಗಳಿಗೆ ಒಂದು ಅನುಕೂಲ ಮಾತ್ರ ಉಂಟು. ಇಲ್ಲಿ ಹೆಣ್ಣು ತರುವುದು, ಕೊಡುವುದು ಗಡಿ ನೋಡಿ ಅಲ್ಲ. ಅಗಳಿಯ ಸೊಸೆ ಶಿರಾ ಕಡೆಯವಳು, ರಾಯದುರ್ಗದ ಸೊಸೆ ಮೊಳಕಾಲ್ಮುರು ಇಲ್ಲವೇ ಬಳ್ಳಾರಿ ಕಡೆಯವಳು. ಸಿಇಟಿಯ ಇನ್ನೊಂದು ಷರತ್ತು ಇಂಥ ಮನೆಗಳಿಗೇ ಹೇಳಿ ಮಾಡಿಸಿದಂತಿದೆ: ಮಗು ಪಿಯುಸಿ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿದ್ದರೆ ಸಾಕು.

ಮದುವೆಗೆ ಮೊದಲು ತವರೂರಿನ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಓದಿ ಬಿಟ್ಟ ತಾಯಿ, ‘ನಾನೇನು ಓದಿದೀನಿ ಬಿಡಿ’ ಎಂದು ನಾಚಿಕೊಳ್ಳುತ್ತಾಳೆ. ಆ ಏಳು ವರ್ಷವೇ ಮಗಳ ಎಂಜಿನಿಯರಿಂಗ್ ಸೀಟಿಗೆ ಆಧಾರವಾಗಬಹುದು. ಆದರೆ ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ತವರೂರಿನ ಶಾಲೆಯ ದಾಖಲಾತಿ ರಿಜಿಸ್ಟರ್‌ನಲ್ಲಿ ಹೆಸರು ಸಿಗಬೇಕು, ಬಿಇಒ ಕಚೇರಿಯಲ್ಲಿ ಮೇಲುಸಹಿ ಆಗಬೇಕು. ಇಪ್ಪತ್ತು ವರ್ಷ ಹಿಂದಿನ ರಿಜಿಸ್ಟರ್ ಗೆದ್ದಲು ತಿನ್ನದೆ ಉಳಿದಿದ್ದರೆ ಪುಣ್ಯ.

ಹೆಸರಿನ ಪಡಿಪಾಟಲು ಮತ್ತೊಂದು. ಆಂಧ್ರದ ದಾಖಲೆಯಲ್ಲಿ ಇಂಟಿಪೇರು ಮೊದಲು, ಹೆಸರು ಆಮೇಲೆ. ನಮ್ಮಲ್ಲಿ ಊರಿನ ಅಥವಾ ಅಪ್ಪನ ಹೆಸರಿನ ಇನಿಷಿಯಲ್. ಇಂಟಿಪೇರೇ ಇಲ್ಲದ ಕನ್ನಡದ ಮನೆಗಳಿಗೆ ಶಾಲೆಗೆ ಸೇರಿಸುವಾಗಲೋ ಆಧಾರ್ ಮಾಡಿಸುವಾಗಲೋ ಯಾರೋ ಒಂದು ಹಚ್ಚಿರುತ್ತಾರೆ. ತವರಿನ ರಿಜಿಸ್ಟರ್‌ನಲ್ಲಿ ತಾಯಿಯ ಹೆಸರು ಒಂದು ಥರ, ಗಂಡನ ಮನೆಯ ಆಧಾರ್‌ನಲ್ಲಿ ಇನ್ನೊಂದು ಥರ, ಮಗುವಿನ ಟಿ.ಸಿ.ಯಲ್ಲಿ ಮತ್ತೊಂದು ಥರ. ಮೂವರೂ ಒಬ್ಬಳೇ ಎಂದು ಸಾಬೀತು ಮಾಡಲು ಅಫಿಡವಿಟ್ ಮಾಡಿಸಿಕೊಂಡು ಅಲೆಯುವ ತಂದೆಗೆ ಕೂಲಿ ಕೆಲಸ ಎಷ್ಟು ದಿನ ತಪ್ಪುತ್ತದೆಂದು ಕೇಳುವವರಿಲ್ಲ.

ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ

‘ನಾವು ಗಡಿನಾಡ ಕನ್ನಡಿಗರು, ನಮಗೆ ಬೇರೆ ಕೋಟಾ ಐತಲ್ಲ’ ಎಂಬ ನಂಬಿಕೆ ಈ ಭಾಗದಲ್ಲಿ ಗಟ್ಟಿಯಾಗಿದೆ. ಕೋಟಾ ಇರುವುದು ನಿಜ. ಹಲವು ವರ್ಷಗಳಿಂದ ಸಿಇಟಿ ಮಾಹಿತಿ ಪುಸ್ತಿಕೆಯಲ್ಲಿ ಅಚ್ಚಾಗುತ್ತಾ ಬಂದ ಗಡಿನಾಡ ಪಟ್ಟಿಯಲ್ಲಿರುವ ಹೆಸರುಗಳು ಇವು: ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಈ ತಾಲ್ಲೂಕುಗಳಲ್ಲಿ ಓದಿದ ಕನ್ನಡ, ತುಳು, ಕೊಡವ ಮನೆಮಾತಿನ ಮಕ್ಕಳಿಗೆ ಅವಕಾಶ. ರಾಯದುರ್ಗ ಇಲ್ಲ, ಮಡಕಶಿರಾ ಇಲ್ಲ, ಆದೋನಿಯೂ ಇಲ್ಲ.

ಯಾಕಿಲ್ಲ? ಪಟ್ಟಿಯಲ್ಲಿರುವುದು ತಕರಾರಿನ ತಾಲ್ಲೂಕುಗಳು. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗದ ಮುಂದೆ ಇದ್ದದ್ದು ಮಹಾರಾಷ್ಟ್ರ ಮತ್ತು ಕೇರಳದ ಗಡಿ. ಆಂಧ್ರದ ಗಡಿ ಅದರ ವ್ಯಾಪ್ತಿಗೆ ಬರಲೇ ಇಲ್ಲ. ಇಲ್ಲಿ ಜಗಳ ಆಗಲಿಲ್ಲ, ಕಲ್ಲು ತೂರಾಟ ಆಗಲಿಲ್ಲ, ಬಸ್ಸಿಗೆ ಮಸಿ ಬಳಿಯಲಿಲ್ಲ. ತೆಲುಗರ ಜೊತೆ ಅಣ್ಣತಮ್ಮಂದಿರ ಹಾಗೆ ಬಾಳಿದ್ದಕ್ಕೆ ಸಿಕ್ಕ ಬಹುಮಾನ ಇದು ಎಂದು ಯಾರಾದರೂ ಬೇಸರದಿಂದ ಅಂದರೆ ತಪ್ಪು ಹೇಳಲಾಗದು. ಹೊರ ರಾಜ್ಯದ ಗಡಿ ಕನ್ನಡ ಶಾಲೆಗಳ ಮೇಲೂ ಗಮನವಿಡಬೇಕೆಂದೇ 2010ರಲ್ಲಿ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಶಾಲೆಗೆ ಬೆಂಚು, ಕೊಠಡಿಗಿಂತ ಈ ಪಟ್ಟಿಗೆ ಎರಡು ಹೆಸರು ಸೇರಿಸಿಕೊಟ್ಟರೆ ಹೆಚ್ಚು ಮಕ್ಕಳಿಗೆ ಉಪಕಾರವಾದೀತು. ಅದಕ್ಕೆ ಹಣ ಕೂಡ ಬೇಕಿಲ್ಲ.

ಗಡಿಯಲ್ಲಿ ಬದಲಾಗುವ ಜಾತಿ

ಇನ್ನು ಮೀಸಲಾತಿ. ರಾಯದುರ್ಗ ಸೀಮೆಯಲ್ಲಿ ವಾಲ್ಮೀಕಿ ಬೋಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಪರಿಶಿಷ್ಟ ಪಂಗಡ. ಪಕ್ಕದ ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರವೇ ಆ ಪಂಗಡಕ್ಕೆ ಮೀಸಲು. ಅದೇ ಜನ ಅನಂತಪುರದಲ್ಲಿ ಹಿಂದುಳಿದ ವರ್ಗದ ‘ಎ’ ಗುಂಪು. ಪಂಗಡಕ್ಕೆ ಸೇರಿಸಿ ಎಂದು ಆಂಧ್ರ ವಿಧಾನಸಭೆ 2023ರ ಮಾರ್ಚ್‌ನಲ್ಲಿ ನಿರ್ಣಯ ಮಾಡಿ ಕೇಂದ್ರಕ್ಕೆ ಕಳಿಸಿತು. ಅಕ್ಕನ ಮಗ ಎಸ್‌ಟಿ, ತಮ್ಮನ ಮಗ ಬಿಸಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದುತ್ತಿದ್ದರೂ ಅಷ್ಟೇ.

ಗಡಿ ದಾಟಿ ಓದಿದರೆ ಅಲ್ಲಿನ ಜಾತಿ ಸಿಗುತ್ತದೆ ಎಂದುಕೊಂಡವರಿಗೆ 1990ರ ಸುಪ್ರೀಂ ಕೋರ್ಟ್ ತೀರ್ಪು ಅಡ್ಡ ಬರುತ್ತದೆ. ಆಂಧ್ರದ ತೆನಾಲಿಯಲ್ಲಿ ಹುಟ್ಟಿ, ಒಂಬತ್ತನೇ ವಯಸ್ಸಿಗೆ ಮುಂಬೈಗೆ ಹೋಗಿ ಅಲ್ಲೇ ಓದಿದ ಮರ್ರಿ ಚಂದ್ರಶೇಖರ ರಾವ್ ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಪಂಗಡದ ವೈದ್ಯಕೀಯ ಸೀಟು ಕೇಳಿದರು. ಮೂಲ ರಾಜ್ಯದಲ್ಲಿ ಇದ್ದ ಪಂಗಡದ ಸ್ಥಾನ ವಲಸೆ ಹೋದ ರಾಜ್ಯಕ್ಕೆ ಜೊತೆಯಲ್ಲಿ ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಹೀಗಾಗಿ ಇಲ್ಲಿನ ಪರಿಶಿಷ್ಟ ಜಾತಿಯ ಹುಡುಗ ಅತ್ತ ಹೋದರೆ ಸಾಮಾನ್ಯ ವರ್ಗದಲ್ಲಿ ನಿಲ್ಲಬೇಕು. ಹಾಸ್ಟೆಲ್ಲು, ವಿದ್ಯಾರ್ಥಿವೇತನಕ್ಕೂ ಆಯಾ ರಾಜ್ಯದ ಜಾತಿ, ಆದಾಯ ಪ್ರಮಾಣಪತ್ರವೇ ಬೇಕು.

ಕೈಬಿಟ್ಟು ಹೋಗುವ ಹಣವೂ ಸಣ್ಣದಲ್ಲ. 2020ರ ಜನವರಿಯಲ್ಲಿ ಆಂಧ್ರದಲ್ಲಿ ಶುರುವಾದ ‘ಅಮ್ಮ ಒಡಿ’ಯಲ್ಲಿ ಮಗುವನ್ನು ಶಾಲೆಗೆ ಕಳಿಸುವ ತಾಯಿಗೆ ವರ್ಷಕ್ಕೆ 15 ಸಾವಿರ ರೂಪಾಯಿ ಎಂದಿತ್ತು. ಸರ್ಕಾರ ಬದಲಾದ ಮೇಲೆ 2025ರಲ್ಲಿ ‘ತಲ್ಲಿಕಿ ವಂದನಂ’ ಬಂತು. ಎರಡೂ ಆಂಧ್ರದ ಶಾಲೆಯಲ್ಲಿ ಓದುವ ಮಕ್ಕಳಿಗೆ. ಬಸ್ಸಿನ ವಿಷಯವೂ ಹಾಗೆಯೇ: 2023ರ ಜೂನ್‌ನಲ್ಲಿ ಬಂದ ಕರ್ನಾಟಕದ ‘ಶಕ್ತಿ’ ಅಲ್ಲಿನ ಹೆಣ್ಣುಮಕ್ಕಳಿಗೆ, 2025ರ ಆಗಸ್ಟ್‌ನಲ್ಲಿ ಬಂದ ಆಂಧ್ರದ ‘ಸ್ತ್ರೀ ಶಕ್ತಿ’ ಇಲ್ಲಿನವರಿಗೆ. ಗಡಿ ದಾಟುವ ಹುಡುಗಿ ಎಲ್ಲೋ ಒಂದು ಕಡೆ ಟಿಕೆಟ್ ತೆಗೆಸಲೇಬೇಕು.

ಇಲ್ಲಿ ಉಳಿದ ಶಾಲೆಗಳ ಮೇಲೂ ಇದರ ಪರಿಣಾಮ ಆಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಅರವತ್ತು ದಾಟಿದರೆ ಮೂರನೆಯವರು. ಮಕ್ಕಳು ಅತ್ತ ಹೋದಷ್ಟೂ ಇತ್ತ ಹುದ್ದೆ ಕಮ್ಮಿ. ಹುದ್ದೆ ಕಮ್ಮಿಯಾದಷ್ಟೂ ಮತ್ತಷ್ಟು ಮಕ್ಕಳು ಅತ್ತ. ಮಗುವನ್ನು ಕಳಿಸಬೇಡಿ ಎಂದು ಯಾರಿಗೂ ಹೇಳುವ ಹಾಗಿಲ್ಲ. ಕನ್ನಡ ಉಳಿಸುವ ಹೊರೆಯನ್ನು ಹತ್ತು ವರ್ಷದ ಕೂಸಿನ ಬೆನ್ನಿಗೆ ಹೊರಿಸುವುದು ನ್ಯಾಯವೂ ಅಲ್ಲ.

ಕಳಿಸಲು ತೀರ್ಮಾನ ಮಾಡಿದವರಿಗೆ ಒಂದೆರಡು ಮಾತು. ಆಂಧ್ರದ ಶಾಲೆಗಳು ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಬಾಗಿಲು ಹಾಕಿದರೆ ತೆರೆಯುವುದು ಸಾಮಾನ್ಯವಾಗಿ ಜೂನ್ 12ರ ಸುಮಾರಿಗೆ. ಕರ್ನಾಟಕದಲ್ಲಿ ಅಷ್ಟರಲ್ಲಿ ಪಾಠ ಶುರುವಾಗಿರುತ್ತದೆ. ಹಾಗಾಗಿ ಟಿ.ಸಿ.ಯನ್ನು ರಜೆಗೆ ಮೊದಲೇ ಬರೆಸಿಕೊಂಡು ಎಂಇಒ ಅವರಿಂದ ಮೇಲುಸಹಿ ಹಾಕಿಸಿಟ್ಟುಕೊಳ್ಳಿ. ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯೇ ಎಂದು ಅಲ್ಲೇ ನಿಂತು ಓದಿ ನೋಡಿ. ಹತ್ತನೇ ತರಗತಿ ಇಲ್ಲಿ ಮುಗಿಸಿ ಪಿಯುಸಿಗೆ ಹೋಗುವವರು ವಲಸೆ ಪ್ರಮಾಣಪತ್ರವನ್ನೂ ತೆಗೆದುಕೊಳ್ಳಬೇಕು. ಷರತ್ತುಗಳನ್ನು ಆಯಾ ವರ್ಷದ ಸಿಇಟಿ ಪುಸ್ತಿಕೆಯಲ್ಲೇ ನೋಡಬೇಕು, ಹೋದ ವರ್ಷ ಪಕ್ಕದ ಮನೆಯವನು ಹೇಳಿದ್ದನ್ನು ನಂಬಿ ಕೂರುವುದಲ್ಲ. ತಾಯಿ ಕರ್ನಾಟಕದವಳಾಗಿದ್ದರೆ ಈ ಸಲ ಹಬ್ಬಕ್ಕೆ ತವರಿಗೆ ಹೋದಾಗ, ಶಾಲೆಗೆ ರಜೆ ಇಲ್ಲದ ದಿನ ನೋಡಿ, ಹೆಡ್ ಮಾಸ್ಟರ್ ಬಳಿ ಹಳೇ ರಿಜಿಸ್ಟರ್ ತೆಗೆಸಿ ತನ್ನ ಹೆಸರು ಯಾವ ಪುಟದಲ್ಲಿದೆ ಎಂದು ಬರೆದುಕೊಂಡು ಬರಲಿ.